ಬೆಟ್ಟಕ್ಕೆ ಗಿಡ ನೆಟ್ಟುಕೊಡ್ತೇವೆ ಅಂತ ಬಂದವರಿಗೆ ವಂತಿಗೆ ಕೊಡುವ ಮುಂಚೆ ಇದನ್ನು ಓದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರು ದಯವಿಟ್ಟು ಪೂರ್ತಿ ಓದಿ. ಆ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಕಾರವಾರದ ಗ್ರಾಹಕ ಆಯೋಗಕ್ಕೆ ದೂರು ಕೊಡುವ ತಯಾರಿಯಲ್ಲಿದ್ದೇವೆ, ಈಗಲೇ ಹೆಸರು ಬರೆಯಬೇಡಿ ಅಂತ ವಕೀಲರು ಹೇಳಿದ್ದಾರೆ. ಆದರೆ ಅವರ ಕೆಲಸದ ರೀತಿ ತಿಳಿದರೆ ನಿಮಗೇ ಗುರುತು ಸಿಗುತ್ತದೆ.

ನಮ್ಮದು ಹುಲೇಕಲ್ ಕಡೆಯ ಊರು. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು, ಅನ್ನೋದು ಕಾಗದದಲ್ಲಿದೆ. ಬೆಟ್ಟಕ್ಕೆ ಹೋಗಿ ನೋಡಿದರೆ ಜಂಬಿಟ್ಟಿಗೆ ಕಲ್ಲು, ನಡುವೆ ಅಲ್ಲಲ್ಲಿ ಅಕೇಶಿಯಾ. ಒರತೆ ಮಾರ್ಚಿಗೇ ಬತ್ತುತ್ತದೆ. ಹೀಗಿರುವಾಗ ಒಂದು ಸಂಸ್ಥೆಯವರು ಬಂದು, ಊರವರೆಲ್ಲ ಸೇರಿ ಬೆಟ್ಟ ಉಳಿಸೋಣ, ಕಸಿ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವು), ಉಪ್ಪಾಗೆ, ಮುರುಗಲು, ಹಲಸು, ನೆಲ್ಲಿ ನೆಡೋಣ ಅಂದರೆ ಯಾರು ಬೇಡ ಅಂತಾರೆ? ಒಂದೂವರೆ ಅಡಿ ಗುಂಡಿ, ಗೊಬ್ಬರ, ಎರಡು ಬೇಸಿಗೆ ನೀರು, ಸತ್ತ ಗಿಡಕ್ಕೆ ಬದಲಿ ಗಿಡ, ಎಲ್ಲ ಅವರದೇ ಅಂದರು. ಖರ್ಚು ಬೆಂಗಳೂರಿನ ಕಂಪನಿ ಕೊಡುತ್ತದಂತೆ, ಕಸಿ ಗಿಡಕ್ಕೆ ಮಾತ್ರ ರೈತರ ವಂತಿಗೆ 150 ರೂಪಾಯಿ. ಮನೆಮನೆಗೆ ಹೋಗಿ ವಂತಿಗೆ ಎತ್ತಿದವನು ನಾನು. ಇವತ್ತು ಸೊಸೈಟಿ ಜಗುಲಿಯಲ್ಲಿ ಯಾರ ಮುಖ ನೋಡಿ ಮಾತಾಡಲಿ ಹೇಳಿ.

ಇದು 2023ರ ಮಾತು. ನಮ್ಮಲ್ಲಿ ಗಿಡ ಆರಿದ್ರೆ ಮಳೆಯೊಳಗೆ, ಅಂದರೆ ಜುಲೈ ಮೊದಲ ವಾರದೊಳಗೆ, ನೆಲ ಸೇರಬೇಕು, ಇದು ಸಣ್ಣ ಮಕ್ಕಳಿಗೂ ಗೊತ್ತು. ಆ ವರ್ಷ ಮುಂಗಾರೇ ತಡವಾಯಿತು, ಸರಿ, ಒಪ್ಪುತ್ತೇನೆ. ಜುಲೈನಲ್ಲಿ ಚೆನ್ನಾಗಿ ಸುರಿಯಿತಲ್ಲ, ಆಗಲಾದರೂ ತರಬೇಕಿತ್ತು. ಫೋನ್ ಮಾಡಿದರೆ "ಗಾಡಿ ಹೊರಟಿದೆ ಸರ್" ಅನ್ನುವುದು. ಗಾಡಿ ಬಂದಿದ್ದು ಮಘಾ ಮಳೆಯಲ್ಲಿ, ಅಂದರೆ ಆಗಸ್ಟ್ ಅರ್ಧ ಕಳೆದ ಮೇಲೆ. ಮಳೆ ಎಲ್ಲಿತ್ತು? 1901ರಿಂದ ಲೆಕ್ಕ ಹಾಕಿದರೆ ಇಡೀ ದೇಶದಲ್ಲಿ ಅಷ್ಟು ಕಡಿಮೆ ಮಳೆಯಾದ ಆಗಸ್ಟ್ ಇನ್ನೊಂದಿರಲಿಲ್ಲ. ಸುಡುವ ಬಿಸಿಲಲ್ಲಿ ಬ್ಯಾನರ್ ಕಟ್ಟಿ, ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ಹುಡುಗರು ಬಂದು, ಹಾರೆಯಲ್ಲಿ ತಿವಿದ ಗುಂಡಿಗೆ ಗಿಡ ತುರುಕಿ, ಒಂದೊಂದರ ಪಕ್ಕ ನಿಂತು ಫೋಟೋ ಹೊಡೆದುಕೊಂಡು ಮಧ್ಯಾಹ್ನದ ಊಟಕ್ಕೆ ಹೊರಟೇಬಿಟ್ಟರು. ಗುಂಡಿ ಒಂದೂವರೆ ಅಡಿ ಅಲ್ಲ ಮಾರಾಯ್ರೇ, ಗೇಣುದ್ದವೂ ಇರಲಿಲ್ಲ.

ಆಮೇಲೆ ಗಿಡ ಒಣಗತೊಡಗಿತು. ಬಿಸಿಲಿಗೆ ಒಣಗಿತು ಅಂದುಕೊಂಡೆವು. ದೀಪಾವಳಿ ಕಳೆದ ಮೇಲೆ ಪಕ್ಕದ ಮನೆಯ ಭಾವ ಒಂದು ಸತ್ತ ಅಪ್ಪೆ ಗಿಡ ಕಿತ್ತು ತಂದು ನನ್ನ ಕೈಗೆ ಕೊಟ್ಟ. ಮಣ್ಣು ಕೊಡವಿದರೆ ಕಪ್ಪು ಪ್ಲಾಸ್ಟಿಕ್ ತೊಟ್ಟೆ ಹಾಗೇ ಇದೆ! ತೊಟ್ಟೆ ಬಿಚ್ಚದೇ ನೆಟ್ಟಿದ್ದಾರೆ. ಒಳಗೆ ಬೇರು ಸುತ್ತಿ ಸುತ್ತಿ ಚಕ್ಕುಲಿಯಂತಾಗಿತ್ತು. ಅಂದರೆ ವರ್ಷಗಟ್ಟಲೆ ನರ್ಸರಿಯಲ್ಲಿ ಮಾರಾಟವಾಗದೆ ಬಿದ್ದಿದ್ದ ಗಿಡ.

ಭಾವ "ಪಟ್ಟಿ ಬಿಚ್ಚಿ ನೋಡು" ಅಂದ. ಕಸಿ ಕಟ್ಟಿದಲ್ಲಿ ಪ್ಲಾಸ್ಟಿಕ್ ಪಟ್ಟಿ ಸುತ್ತಿರುತ್ತಾರಲ್ಲ, ಅದು. ಬಿಚ್ಚಿದೆ. ಕೆಳಗೆ ಏನೂ ಇಲ್ಲ. ಸೀಳಿದ ಗುರುತಿಲ್ಲ, ಕಡ್ಡಿ ಕೂಡಿಸಿದ ಗಂಟಿಲ್ಲ, ಬುಡದಿಂದ ತುದಿವರೆಗೆ ಒಂದೇ ನುಣುಪಾದ ಕಾಂಡ. ಓಟೆಯಿಂದ, ಅಂದರೆ ಮಾವಿನ ಗೊರಟಿನಿಂದ, ಎದ್ದ ಸಸಿಗೆ ಸುಮ್ಮನೆ ಪಟ್ಟಿ ಸುತ್ತಿದ್ದರು! ಕೈ ನಡುಗಿತು ನನಗೆ. ಬೆಟ್ಟಕ್ಕೆ ಹೋಗಿ ಬದುಕಿದ ಗಿಡಗಳದ್ದೂ ಬಿಚ್ಚಿ ನೋಡಿದೆವು. ಅದೇ ಕತೆ. ಓಟೆ ಸಸಿ ಯಾವಾಗ ಕಾಯಿ ಬಿಡಬೇಕು, ಬಿಟ್ಟರೂ ತಾಯಿಮರದ ಪರಿಮಳ ಬರುತ್ತದೆ ಅಂತ ಯಾರು ಹೇಳಬೇಕು? ಕಸಿಯ ದುಡ್ಡು ಎಣಿಸಿಕೊಂಡು ಓಟೆ ಸಸಿ ಕೊಟ್ಟಿದ್ದಾರೆ.

ಫೋನ್ ಮಾಡಿದೆ. ಉತ್ತರ ಕೇಳಿ: "ಸರ್, ಹವಾಮಾನ ವೈಪರೀತ್ಯ. ಮಳೆ ನಮ್ಮ ಕೈಲಿಲ್ಲ." ನಾನು ಕೇಳಿದ್ದು ಮಳೆಯ ವಿಷಯ ಅಲ್ಲ, ಕಸಿ ಎಲ್ಲಿ ಅಂತ. "ನರ್ಸರಿಯವರು ಕೊಟ್ಟಿದ್ದನ್ನ ನಾವು ತಂದಿದ್ದು ಸರ್." ತೊಟ್ಟೆ? "ವಾಲಂಟಿಯರ್ಸ್ ಹೊಸಬರು ಸರ್." ಬೇಸಿಗೆ ನೀರು? "ಫಂಡ್ ಎರಡನೇ ಕಂತು ಬಂದಿಲ್ಲ ಸರ್." ಬದಲಿ ಗಿಡ? "ಮುಂದಿನ ಮಳೆಗಾಲ ನೋಡೋಣ ಸರ್." ಮುಂದಿನ ಮಳೆಗಾಲ ಅಂದರೆ 2024, ಶಿರೂರು ಗುಡ್ಡ ಕುಸಿದ ಜುಲೈ. ಆಗ ಕೇಳಿದರೆ "ಇಷ್ಟು ಮಳೆಯಲ್ಲಿ ಗಿಡ ನೆಡೋಕಾಗುತ್ತಾ ಸರ್, ನೀವೇ ಹೇಳಿ" ಅಂದರು. ಮಳೆ ಬಾರದಿದ್ದರೂ ಮಳೆಯದೇ ತಪ್ಪು, ಬಂದರೂ ಮಳೆಯದೇ ತಪ್ಪು. ಇವರದು ಯಾವಾಗ?

ಇನ್ನೊಂದು ವಿಷಯ, ಇದು ಬಹಳ ಮುಖ್ಯ. ಆಧಾರ್, ಪಹಣಿ ಜೊತೆಗೆ ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. "ಫಂಡ್ ಕೊಡುವವರಿಗೆ ಬೇಕು, ಫಾರ್ಮಾಲಿಟಿ" ಅಂದಿದ್ದರು. ವಕೀಲರು ಓದಿ ಹೇಳಿದ ಮೇಲೆ ಗೊತ್ತಾಗಿದ್ದು: ಮೂವತ್ತು ವರ್ಷ ಆ ಗಿಡಗಳಿಂದ ಬರುವ ಕಾರ್ಬನ್ ಕ್ರೆಡಿಟ್ (ಗಿಡ ಗಾಳಿಯ ಇಂಗಾಲ ಹೀರಿದ್ದಕ್ಕೆ ಸಿಗುವ, ಕಂಪನಿಗಳಿಗೆ ಮಾರಬಹುದಾದ ಲೆಕ್ಕ) ಪೂರ್ತಿ ಅವರದು. ಬೆಟ್ಟ ನಮ್ಮ ಖಾಸಗಿ ಆಸ್ತಿ ಅಲ್ಲವೇ ಅಲ್ಲ, ನಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು. ನಮ್ಮದಲ್ಲದ ನೆಲದ ಹಕ್ಕನ್ನು ನಮ್ಮ ಕೈಯಿಂದ ಬರೆಸಿಕೊಂಡಿದ್ದಾರೆ. ನಾಳೆ ಅರಣ್ಯ ಇಲಾಖೆ ಕೇಳಿದರೆ ಉತ್ತರ ಕೊಡಬೇಕಾದವರು ನಾವು, ಅವರಲ್ಲ.

ಗಿಡ ಬೇಕಿದ್ದರೆ ಅರಣ್ಯ ಇಲಾಖೆ ನರ್ಸರಿಗೆ ಹೋಗಿ. ಸ್ವಂತ ಜಮೀನಾದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಗಿಡಕ್ಕೆ ಮೂರು ವರ್ಷದಲ್ಲಿ ಒಟ್ಟು 125 ರೂಪಾಯಿ ಕೊಡುತ್ತಾರೆ, ಅದೂ ಗಿಡ ಬದುಕಿದ್ದರೆ ಮಾತ್ರ. ಈ ಸಂಸ್ಥೆಯವರಿಗೆ ದುಡ್ಡು ಬರುವುದು ನೆಟ್ಟ ಫೋಟೋಕ್ಕೆ. ಗಿಡ ಬದುಕಿದರೇನು, ಸತ್ತರೇನು ಅವರಿಗೆ? ಹೊರಗಿನವರ ಜೊತೆ ಮಾಡುವುದೇ ಆದರೆ ಗಾಡಿ ಇಳಿಯುವಾಗಲೇ ನಾಲ್ಕು ಗಿಡದ ಪಟ್ಟಿ ಬಿಚ್ಚಿ, ಬುಡ ನೋಡಿ. ಅರ್ಧ ದುಡ್ಡು ಎರಡನೇ ಬೇಸಿಗೆ ದಾಟುವವರೆಗೆ ಕೊಡಬೇಡಿ. ಕನ್ನಡದಲ್ಲಿಲ್ಲದ ಕಾಗದಕ್ಕೆ ಸಹಿ ಬೇಡ, ಬೆಟ್ಟದ ವಿಷಯಕ್ಕಂತೂ ಬೇಡವೇ ಬೇಡ.

ಈಗ ಅವರ ಗಾಡಿ ಸಿದ್ದಾಪುರದ ಕಡೆ ತಿರುಗುತ್ತಿದೆ ಅಂತ ಸುದ್ದಿ. ಆ ಕಡೆಯವರು ಯಾರಾದರೂ ಸಹಿ ಹಾಕಿದ್ದರೆ ನಿಮ್ಮ ಪ್ರತಿ ಹುಡುಕಿ ತೆಗೆದಿಡಿ. ದೂರಿನಲ್ಲಿ ಸೇರಿಕೊಳ್ಳುವುದಾದರೆ ತಿಳಿಸಿ, ಒಪ್ಪಂದದ ಜೆರಾಕ್ಸ್, ತೊಟ್ಟೆ ಸಮೇತ ಕಿತ್ತ ಗಿಡದ ಫೋಟೋ ಎಲ್ಲ ನಮ್ಮಲ್ಲಿವೆ, ಕೊಡುತ್ತೇವೆ.