ಕೋರ್ಟ್ ಹತ್ತಿರದ ಝೆರಾಕ್ಸ್ ಅಂಗಡಿ, ಬಳ್ಳಾರಿ: ಸಂಘದ ಲೆಕ್ಕಪತ್ರ ಕಾಪಿ ಮಾಡಿಸಿದವನ ಅನುಭವ

ಬಳ್ಳಾರಿಯಲ್ಲಿ ಝೆರಾಕ್ಸ್ ಅಂಗಡಿಗೆ ಬರ ಇಲ್ಲ. ಆದರೆ ಹಳೇ ಲೆಜರ್, ಕಾರ್ಬನ್ ವೋಚರ್, ಪಿನ್ ಹೊಡೆದ ಚೀಟಿ ಇವನ್ನೆಲ್ಲ ಒಂದೂ ತಪ್ಪದಂತೆ ತೆಗೆಸಬೇಕು ಅನ್ನೋರು ಕೋರ್ಟ್ ಹತ್ತಿರದ ಈ ಸಣ್ಣ ಅಂಗಡಿಗೆ ಹೋಗಿ. ಎರಡು ಮಷೀನು, ಒಂದು ಬೆಂಚು, ಅಂಗಡಿ ನೋಡಿಕೊಳ್ಳುವ ಅಕ್ಕ ಒಬ್ಬರೇ.

ನಮ್ಮದು ಗೃಹ ನಿರ್ಮಾಣ ಸಹಕಾರ ಸಂಘದ ಬಡಾವಣೆ. ಬೇಸಿಗೆಯಲ್ಲಿ ನಲ್ಲಿ ನೀರು ಸಾಲದೆ ಟ್ಯಾಂಕರ್ ತರಿಸಿ ಖರ್ಚನ್ನು ಮನೆಮನೆಗೆ ಹಂಚುತ್ತಾರೆ. ಹೋದ ವರ್ಷ ನಮ್ಮ ಪಾಲಿಗೆ 1,900 ರೂಪಾಯಿ ಬಂದಿತ್ತು, ಈ ಸಲ 4,200. ವೋಚರ್ ಕೇಳಿದರೆ ಕಾರ್ಯದರ್ಶಿಗಳು, “ನೋಡ್ಕೊಂಡು ಹೋಗ್ರಿ ಸರ್, ಕಾಪಿ ಮಾತ್ರ ಕೊಡಕ್ಕೆ ಬರಲ್ಲ” ಅಂದರು. ಬಸ್ ಡಿಪೋದ ಲೆಕ್ಕ ಶಾಖೆಯಲ್ಲಿ 28 ವರ್ಷ ಕೂತು ಬಂದವನು ನಾನು. ಕಣ್ಣಲ್ಲಿ ನೋಡಿದ್ದನ್ನು ಸಭೆಯಲ್ಲಿ ಹೇಳಿದರೆ “ಯಾರು ಹೇಳಿದ್ರು” ಅಂತಾರೆ, ಅಲ್ಲಿಗೆ ಮುಗಿಯಿತು. ಕಾಗದ ಕೈಯಲ್ಲಿರಬೇಕು.

ಬೇರೆಯವರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಸರ್ಕಾರದ ಒಡೆತನವಾಗಲಿ ದೊಡ್ಡ ಅನುದಾನವಾಗಲಿ ಇಲ್ಲದ ಸಹಕಾರ ಸಂಘಕ್ಕೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ನಡೆಯುವುದಿಲ್ಲ. ಕೇರಳದ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ಸಹಕಾರ ಸಂಘಗಳ ನಿಬಂಧಕರು ಕಾನೂನಿನ ಪ್ರಕಾರ ಸಂಘದಿಂದ ಯಾವ ದಾಖಲೆ ತರಿಸಿಕೊಳ್ಳಬಹುದೋ ಅದನ್ನು ನಾವು ನಿಬಂಧಕರ ಮೂಲಕ ಕೇಳಬಹುದು. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಸಹಾಯಕ ನಿಬಂಧಕರ ಕಚೇರಿಗೆ ಅರ್ಜಿ ಕೊಟ್ಟೆ. ಉತ್ತರಕ್ಕೆ 30 ದಿನದ ಗಡುವು. ಅಲ್ಲಿಂದ ಸಂಘಕ್ಕೆ ಪತ್ರ ಹೋಯಿತು ನೋಡಿ, ಕಾರ್ಯದರ್ಶಿಗಳೇ ಫೋನ್ ಮಾಡಿದರು. “ನಮ್ಮ ಗುಮಾಸ್ತ ಜೊತೆಗೆ ಬರ್ತಾನೆ, ಸಂಜೆ ಐದರೊಳಗೆ ಪುಸ್ತಕ ವಾಪಸ್ ಬರಬೇಕು.”

ಅಂಗಡಿ ತಲುಪಿದಾಗ ಎರಡೂವರೆ. ಅಕ್ಕ ಮೊದಲು ಕೇಳಿದ್ದೇ, “ಹಿಂದಗಡೆನೂ ತೆಗೀಬೇಕಾ ಸರ್?” ಇಷ್ಟು ವರ್ಷದಲ್ಲಿ ಯಾವ ಅಂಗಡಿಯಲ್ಲೂ ಈ ಪ್ರಶ್ನೆ ಕೇಳಿಸಿಕೊಂಡಿರಲಿಲ್ಲ. ವೋಚರ್ ಕಾಗದ ತೆಳು, ಗುಲಾಬಿ ಬಣ್ಣದ್ದು. ಹಾಗೇ ಇಟ್ಟರೆ ಹಿಂದಿನ ಅಕ್ಷರ ಮುಂದೆ ಮೂಡುತ್ತದೆ. ಅವರು ಪ್ರತಿಯೊಂದರ ಮೇಲೂ ಒಂದು ಕಪ್ಪು ಹಾಳೆ ಮುಚ್ಚಿ ತೆಗೆದರು. ಜನರೇಟರ್ ಡೀಸೆಲ್‌ಗೆ ಬಂಕಿನವರು ಕೊಟ್ಟ ಚೀಟಿಗಳಲ್ಲಿ ಅಕ್ಷರ ಮಾಸಿತ್ತು. ಆ ಥರ್ಮಲ್ ಕಾಗದ ನಮ್ಮೂರ ಬಿಸಿಲಿಗೆ ಎಷ್ಟು ದಿನ ತಾಳೀತು? ಕಪ್ಪು ಹೆಚ್ಚಿಸಿ ಮೂರು ಸಲ ತೆಗೆದು, ಓದಲು ಬರುವುದನ್ನು ಇಟ್ಟು, ಉಳಿದೆರಡನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪಿನ್ ತೆಗೆದ ಕಟ್ಟಿಗೆ ಅದೇ ತೂತಿನಲ್ಲಿ ಮತ್ತೆ ಪಿನ್ ಹಾಕಿದರು. ಪಕ್ಕದಲ್ಲಿ ಕೂತಿದ್ದ ಗುಮಾಸ್ತ ಅದನ್ನು ನೋಡಿ ನಿರಾಳವಾದ.

ಏಪ್ರಿಲ್ ತಿಂಗಳ ಒಂದು ವೋಚರ್ ತಿರುಗಿಸಿ, “ಇಲ್ಲಿ ಪೆನ್ಸಿಲ್‌ನಾಗ ಗೆರೆ ಎಳದಾರ ನೋಡ್ರಿ” ಅಂದರು. ಮುಂದುಗಡೆ 14 ಟ್ಯಾಂಕರ್ ಅಂತ ಬರೆದಿದೆ. ಹಿಂದುಗಡೆ ವಾಚ್‌ಮನ್ ಲೋಡ್ ಬಂದಾಗೆಲ್ಲ ಎಳೆದ ಗೆರೆ ಒಂಬತ್ತೇ. ತಪ್ಪು ಯಾರದು ಅಂತ ಈಗಲೇ ಹೇಳಲಾರೆ, ಉಳಿದ ಐದನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟಿರಲೂಬಹುದು. ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಆಗಲೇಬೇಕು, ಅಲ್ಲಿ ಕೇಳುತ್ತೇನೆ. ಹಿಂಬದಿ ತೆಗೆಸದೇ ಹೋಗಿದ್ದರೆ ಕೇಳುವುದಕ್ಕೆ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ದರ: ಎ4 ಒಂದು ಬದಿಗೆ 2 ರೂಪಾಯಿ, ಲೆಜರ್‌ನ ಅಗಲ ಹಾಳೆಗೆ ಎ3ಯಲ್ಲಿ 5 ರೂಪಾಯಿ. 186 ಬದಿ, 22 ದೊಡ್ಡ ಹಾಳೆ, ಸ್ಪೈರಲ್ ಬೈಂಡಿಂಗ್ 40, ಒಟ್ಟು 522 ಆಯಿತು. ಮಾಹಿತಿ ಹಕ್ಕಿನಲ್ಲಿ ಸರ್ಕಾರಿ ಕಚೇರಿಯವರೂ ಎ4 ಪುಟಕ್ಕೆ 2 ರೂಪಾಯಿಯೇ ತಗೊಳ್ಳುತ್ತಾರೆ, ಹಾಗಾಗಿ ದುಬಾರಿ ಅನ್ನಿಸಲಿಲ್ಲ. ಬಿಲ್ ಮಾತ್ರ ಕೇಳಿ ಬರೆಸಿಕೊಳ್ಳಬೇಕು, ತಾವಾಗಿ ಕೊಡುವುದಿಲ್ಲ. ಸ್ಪೈರಲ್ ಸಣ್ಣದಾಯಿತು, ಕೊನೆಯ ಹಾಳೆಗಳು ತಿರುಗಿಸುವಾಗ ಸಿಕ್ಕಿಕೊಳ್ಳುತ್ತವೆ. ಕರೆಂಟ್ ಹೋದರೆ ಕಾಯಬೇಕು, ಯುಪಿಎಸ್ ಇಲ್ಲ. ನಮಗೆ ಇಪ್ಪತ್ತು ನಿಮಿಷ ಹೋಯಿತು. ಕೋರ್ಟ್ ನಡೆಯುವ ದಿನ ಬೆಳಿಗ್ಗೆ ವಕೀಲರ ಗುಮಾಸ್ತರದ್ದೇ ಗದ್ದಲ, ಮಧ್ಯಾಹ್ನ ಊಟದ ನಂತರ ಹೋಗಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಐದಕ್ಕೆ ಹತ್ತು ನಿಮಿಷ ಇರುವಾಗ ಪುಸ್ತಕಗಳು ಸಂಘದ ಬೀರುವಿಗೆ ವಾಪಸ್ ಸೇರಿದವು.