ಓದುಮೂಲೆಯೋ, ಪೋಷಕರ ಗುಂಪೋ?

3ರಿಂದ 6 ವರ್ಷದ ಮಕ್ಕಳ ಓದು, ಎಣಿಕೆಗಾಗಿ ನೆರೆಹೊರೆಯವರೇ ಸೇರಿ ಏನಾದರೂ ಶುರು ಮಾಡುವುದಾದರೆ ಈ ಎರಡು ದಾರಿಗಳನ್ನು ತೂಗಿ ನೋಡಿ.

ಓದುಮೂಲೆಗೆ ಒಂದು ಕೋಣೆ, ಚಾಪೆ, 40–50 ಚಿತ್ರಪುಸ್ತಕ, ವಾರಕ್ಕೆ ಮೂರು ದಿನ ಬರಬಲ್ಲ ಇಬ್ಬರು ಸ್ವಯಂಸೇವಕರು ಬೇಕು. ಹರಿದೀತೆಂದು ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಎಲ್ಲವೂ ವ್ಯರ್ಥ. ಮುಖಪುಟ ಕಾಣುವಂತೆ, ಮಗುವಿನ ಕೈಗೆಟಕುವಂತೆ ಇಡಿ. ಹರಿದ ಪುಟಕ್ಕೆ ಅಂಟುಪಟ್ಟಿ ಸಾಕು. ಒಮ್ಮೆಗೆ ಐದಾರು ಮಕ್ಕಳಿದ್ದರಷ್ಟೇ ಕಥೆ ಓದುತ್ತ ‘ಮುಂದೇನಾಗಬಹುದು?’ ಎಂದು ಪ್ರತಿಯೊಬ್ಬರನ್ನೂ ಕೇಳಲು ಸಾಧ್ಯ.

ಪೋಷಕರ ಗುಂಪಿಗೆ ಖರ್ಚು ಕಡಿಮೆ. ಐದಾರು ಮನೆಯವರು ವಾರಕ್ಕೊಮ್ಮೆ ಸೇರಿ ಒಂದು ಚಟುವಟಿಕೆ ಮಾಡಿ ನೋಡಿ, ಆಮೇಲೆ ದಿನಾ 15 ನಿಮಿಷ ಮನೆಯಲ್ಲಿ ಮಾಡಿಸುತ್ತಾರೆ. ಎಣಿಕೆಗೆ ನಮ್ಮ ಒಲವು ಇದರ ಕಡೆಗೇ. ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸಿದ ಮಾತ್ರಕ್ಕೆ ಮಗುವಿಗೆ ಎಣಿಕೆ ಬಂತೆಂದಲ್ಲ. 7 ಚಮಚ ಹರಡಿ, ಒಂದೊಂದನ್ನೇ ಸರಿಸುತ್ತ ಎಣಿಸಲಿ. ಮುಗಿದ ಮೇಲೆ ‘ಒಟ್ಟು ಎಷ್ಟು?’ ಎಂದಾಗ ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಅದಕ್ಕಿನ್ನೂ ಹೊಳೆದಿಲ್ಲ, ಮೂರು ಚಮಚಕ್ಕೆ ಇಳಿಯಿರಿ. ಇಷ್ಟು ಸೂಕ್ಷ್ಮವಾಗಿ ಗಮನಿಸಲು ಮಗುವಿನ ಪಕ್ಕದಲ್ಲೇ ಒಬ್ಬ ದೊಡ್ಡವರು ಕೂತಿರಬೇಕು. (ಚಿಕ್ಕವರಿಗೆ ಕಾಳು, ಗೋಲಿಗುಂಡು ಕೊಡಬೇಡಿ, ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ.)

ಓದು ಬಾರದ ಪೋಷಕರು ಹಿಂಜರಿಯಬಹುದು. ಚಿತ್ರ ನೋಡಿ ಕಥೆ ಕಟ್ಟಲು, ಪ್ರಾಸಪದ ಹುಡುಕಲು ಅಕ್ಷರ ಬೇಕಿಲ್ಲವೆಂದು ಮೊದಲ ವಾರವೇ ಮಾಡಿ ತೋರಿಸಿ. ಭೇಟಿ ನಿಂತು ಬರೀ ಮೊಬೈಲ್ ಸಂದೇಶ ಉಳಿದರೆ ಗುಂಪು ಸೊರಗುತ್ತದೆ.

ಪೋಷಕರು ಕೆಲಸದಿಂದ ರಾತ್ರಿ ತಡವಾಗಿ ಮರಳುವ ಕಡೆ ಓದುಮೂಲೆಯೇ ಸೂಕ್ತ.