ಕ್ಲಾಸಿನ ಹೀಟರ್ ಫ್ಯಾನ್ ನಿಧಾನವಾಗಿದೆಯಾ? ಮೋಟಾರ್ ಬದಲಿಸಲು ಒಪ್ಪುವ ಮುಂಚೆ ಇದನ್ನು ಓದಿ

ಕ್ಲಾಸಿನ ಕಿಟಕಿ ಕೆಳಗೆ ಉದ್ದನೆಯ ಪೆಟ್ಟಿಗೆ ಇರುತ್ತದಲ್ಲ, ಹೊರಗಿನ ಗಾಳಿ ಎಳೆದು ಬಿಸಿ ಮಾಡಿ ಒಳಗೆ ಬಿಡುವ ಯೂನಿಟ್, ಅದರ ಫ್ಯಾನ್ ನಿಧಾನವಾದರೆ ರಿಪೇರಿಗೆ ಬಂದವರು ಮೊದಲು ಹೇಳೋದೇ "ಮೋಟಾರ್ ಹೋಗಿದೆ" ಅಂತ. ಅಷ್ಟಕ್ಕೇ ಹೂಂ ಅನ್ನಬೇಡಿ. ನಾನು ಪಾಠ ಮಾಡುವ ಕ್ಲಾಸಿನಲ್ಲಿ ಹೊಸ ಮೋಟಾರ್ ಹಾಕಿದ ಮೇಲೂ ತೊಂದರೆ ಹೋಗಲಿಲ್ಲ. ಸಾಲದು ಅಂತ, ಬೆಂಕಿಗೆ ದಾರಿ ಮಾಡಿಕೊಡುವಂಥ ಕೆಲಸವೂ ಒಂದು ನಡೆಯಿತು.

ಫ್ಯಾನ್ ಗುಂಯ್ ಅನ್ನುತ್ತಿತ್ತು, ವೇಗ ಮಾತ್ರ ಹಿಡಿಯುತ್ತಿರಲಿಲ್ಲ. ಕ್ಲಾಸಿನಲ್ಲಿ ಚಳಿ, ಜೊತೆಗೆ ಉಸಿರು ಕಟ್ಟಿದ ಹಾಗೆ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಇರುತ್ತದೆ. ಮಕ್ಕಳು ತುಂಬಿದ, ಗಾಳಿಯಾಡದ ಕ್ಲಾಸಿನಲ್ಲಿ ಅದು 1000 ದಾಟಲು ಜಾಸ್ತಿ ಹೊತ್ತು ಬೇಡ. ಮಕ್ಕಳು ತೂಕಡಿಸಿದರೆ ಅವರನ್ನು ಬೈದು ಏನು ಪ್ರಯೋಜನ?

ರಿಪೇರಿಗೆ ಬಂದವರು ಅಳೆಯುವ ಮೀಟರ್ ಹೊರಗೆ ತೆಗೆಯಲೇ ಇಲ್ಲ, ಸೀದಾ ಮೋಟಾರ್ ಬದಲಿಸಿದರು. ಮೊದಲು ಪರವಾಗಿಲ್ಲ ಅನಿಸಿತು. ಆಮೇಲೆ ಮತ್ತೆ ಅದೇ ಗುಂಯ್, ಅದೇ ನಿಧಾನ, ಈಗ ಹೀಟರ್ ಕೂಡ ಆಗಾಗ ತಾನಾಗಿ ಆಫ್ ಆಗತೊಡಗಿತು. ಎರಡನೇ ಸಲ ಕರೆಸಿದಾಗ "ಥರ್ಮಲ್ ಕಟ್‌ಔಟ್ ಕೆಟ್ಟಿದೆ" ಅಂತ ಹೇಳಿ, ಅಂದರೆ ಜಾಸ್ತಿ ಕಾದಾಗ ಕರೆಂಟ್ ಕಡಿಯುವ ಸ್ವಿಚ್, ಅದರ ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಡೈರೆಕ್ಟ್ ಮಾಡಿ ಹೋದರು. ಕಟ್‌ಔಟ್ ಕೆಟ್ಟಿರಲೇ ಇಲ್ಲ. ಗಾಳಿ ಸಾಕಷ್ಟು ಹಾಯದೆ ಹೀಟರ್ ಕಾಯಿಲ್ ವಿಪರೀತ ಕಾಯುತ್ತಿತ್ತು, ಅದು ಕರೆಂಟ್ ಕಡಿದು ಕಾಪಾಡುತ್ತಿತ್ತು. ಸುಟ್ಟ ವಾಸನೆ ಬಂದು ನಾವು ಮೇನ್ ಆಫ್ ಮಾಡಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಇದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ಬೇರೆ ಒಬ್ಬರು ಬಂದು ಕೆಪಾಸಿಟರ್ ಬಿಚ್ಚಿ ಅಳೆದರು. ಮೇಲೆ 5 ಮೈಕ್ರೋಫ್ಯಾರಡ್ (ಕೆಪಾಸಿಟರ್ ಅಳತೆ) ಅಂತ ಬರೆದಿತ್ತು, ಮೀಟರ್ 3 ಕೂಡ ತೋರಿಸಲಿಲ್ಲ. ಹೊಸ ಮೋಟಾರ್‌ಗೆ ಹಳೇ ಕೆಪಾಸಿಟರನ್ನೇ ಜೋಡಿಸಿದ್ದರು! ಈ ಥರದ ಮೋಟಾರ್‌ನಲ್ಲಿ ಎರಡು ವೈಂಡಿಂಗ್ (ತಂತಿ ಸುರುಳಿ) ಇರುತ್ತವೆ, ಎರಡನೆಯದಕ್ಕೆ ಸರಿಯಾದ ಹೊತ್ತಿನಲ್ಲಿ ಕರೆಂಟ್ ಸಿಗುವಂತೆ ಮಾಡೋದು ಕೆಪಾಸಿಟರ್. ಅದು ಸೊರಗಿದರೆ ಮೋಟಾರ್ ಎಳೆಯಲಾರದೆ ನಿಧಾನವಾಗುತ್ತದೆ, ಕಾಯುತ್ತದೆ, ಕೊನೆಗೆ ಸುಟ್ಟೂ ಹೋಗಬಹುದು. ಸಾಮಾನ್ಯವಾಗಿ ಬರೆದ ಅಳತೆಗಿಂತ ಶೇಕಡಾ 5–6 ಆಚೀಚೆ ಇದ್ದರೆ ಸರಿ, ಅದಕ್ಕಿಂತ ಇಳಿದರೆ ಬದಲಿಸಬೇಕು. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಮಾತ್ರ ಬೇಡ. ನೀವೇ ಮುಟ್ಟಲು ಹೋಗಬೇಡಿ, ಮೇನ್ ಆಫ್ ಮಾಡಿದ ಮೇಲೂ ಕೆಪಾಸಿಟರ್ ಒಳಗೆ ಕರೆಂಟ್ ಉಳಿದಿರುತ್ತದೆ.

ಇನ್ನೊಂದು ವಿಷಯ ನನಗೆ ಹೊಸದು. ಗಾಳಿ ಕಡಿಮೆ ಬರೋದು ಬೇರೆ, ಫ್ಯಾನ್ ನಿಧಾನವಾಗಿ ತಿರುಗೋದು ಬೇರೆ. ಫಿಲ್ಟರ್ ಕಟ್ಟಿಕೊಂಡರೆ ಈ ಯೂನಿಟ್‌ಗಳ ಬ್ಲೋವರ್, ಅಂದರೆ ಗಾಳಿ ತಳ್ಳುವ ಫ್ಯಾನ್, ನಿಧಾನವಾಗೋದಿಲ್ಲ. ತಳ್ಳಲು ಗಾಳಿಯೇ ಇಲ್ಲದ್ದರಿಂದ ಹೊರೆ ಇಳಿದು ಸ್ವಲ್ಪ ಜೋರಾಗಿಯೇ ತಿರುಗುತ್ತದೆ, ವ್ಯಾಕ್ಯೂಮ್ ಕ್ಲೀನರ್ ಪೈಪಿಗೆ ಅಂಗೈ ಒತ್ತಿದರೆ ಸದ್ದು ಏರುತ್ತದಲ್ಲ, ಹಾಗೆ. ಆದ್ದರಿಂದ ಸದ್ದು ಎಂದಿನಂತೆ ಅಥವಾ ಏರಿದ್ದು ಗಾಳಿ ಮಾತ್ರ ಕಡಿಮೆ ಇದ್ದರೆ ಫಿಲ್ಟರ್ ನೋಡಿಸಿ, ಬ್ಲೋವರ್ ರೆಕ್ಕೆಗಳ ಒಳಬಾಗಿನಲ್ಲಿ ಧೂಳು ಕಟ್ಟಿದೆಯಾ ನೋಡಿಸಿ, ಯೂನಿಟ್ ಜಾಲರಿ ಮೇಲೆ ಪುಸ್ತಕ ಜೋಡಿಸಿದ್ದರೆ ಮೊದಲು ತೆಗೆಯಿರಿ. ಗುಂಯ್ ಅಂತ ನಿಜವಾಗಿ ನಿಧಾನವಾಗಿದ್ದರೆ ಕೆಪಾಸಿಟರ್, ಬಿಗಿಯಾದ ಬೇರಿಂಗ್, ಕಡಿಮೆ ವೋಲ್ಟೇಜ್, ಇಲ್ಲವೇ ಮೋಟಾರಿನ ಹೈ ಸ್ಪೀಡ್ ವೈರ್ ಬದಲು ಲೋ ಸ್ಪೀಡ್ ವೈರ್‌ಗೆ ಕರೆಂಟ್ ಕೊಟ್ಟಿರೋದು ಕಾರಣ ಇರಬಹುದು. ಮೇನ್ ಆಫ್ ಇದ್ದಾಗ ಟೆಕ್ನಿಷಿಯನ್ ಕೈಯಿಂದ ಚಕ್ರ ತಿರುಗಿಸಿದರೆ ಅದು ಸಲೀಸಾಗಿ ಸುತ್ತಿ ತಾನೇ ನಿಲ್ಲಬೇಕು.

ಕೆಲವು ಹೊಸ ಯೂನಿಟ್‌ಗಳ ಮೋಟಾರ್‌ಗೆ ಹೊರಗೆ ಕೆಪಾಸಿಟರ್ ಇರೋದಿಲ್ಲ, ಕಂಟ್ರೋಲರ್ ಕಳಿಸುವ 0–10 ವೋಲ್ಟ್ ಸಿಗ್ನಲ್ ನೋಡಿ ವೇಗ ಬದಲಿಸುತ್ತವೆ. ಅಲ್ಲಿ ಸಿಗ್ನಲ್ ಅಳೆಯದೆ ಮೋಟಾರ್ ಬಿಚ್ಚೋದು ಸುಮ್ನೆ ದುಡ್ಡು ದಂಡ. ಕಂಟ್ರೋಲರ್‌ನ ಗಡಿಯಾರ ತಪ್ಪಾಗಿ ಸೆಟ್ ಆಗಿ ಹಗಲಲ್ಲೂ ಕ್ಲಾಸ್ ಖಾಲಿ ಇದೆ ಅಂತ ತಿಳಿದು ನಿಧಾನವಾಗಿ ಓಡುತ್ತಿರಬಹುದು, ಅದೂ ಸಾಧ್ಯ.

ಯಾರೇ ಬರಲಿ, ಅಳೆದ ಅಂಕಿಗಳನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ತೆಗೆದ ಪಾರ್ಟ್ ವಾಪಸ್ ಕೇಳಿ. ನಿಮ್ಮಲ್ಲೂ ಹೀಟರ್ ಆಗಾಗ ಆಫ್ ಆಗುತ್ತಿದ್ದು, ಹಾಗೆ ಆಫ್ ಆಗೋದು ರಿಪೇರಿಯ ನಂತರ ಇದ್ದಕ್ಕಿದ್ದಂತೆ ನಿಂತಿದ್ದರೆ, ಫ್ಯಾನ್ ಮಾತ್ರ ಇನ್ನೂ ನಿಧಾನವಾಗಿದ್ದರೆ, ಕಟ್‌ಔಟ್ ಡೈರೆಕ್ಟ್ ಮಾಡಿದ್ದಾರಾ ಅಂತ ಇವತ್ತೇ ನೋಡಿಸಿ. ಮಾಡಿದ್ದರೆ ಅದನ್ನು ಮತ್ತೆ ಜೋಡಿಸುವ ತನಕ ಮೇನ್ ಆಫ್ ಇರಲಿ, ಎಷ್ಟೇ ಚಳಿ ಇದ್ದರೂ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ.